ತೋಡು ಕಟ್ಟಿದೆ, ಸರಿ. ಗದ್ದೆ ಬದುಕಿದೆಯಾ?

ಪ್ರಶ್ನೆ: ನಾವು ಕುಂದಾಪುರದ ಕಡೆಯವರು, ಈಗ ಡೊಂಬಿವಲಿಯಲ್ಲಿ ಇದ್ದೇವೆ. ನಮ್ಮ ಯಜಮಾನರಿಗೆ 58 ವರ್ಷ. 30 ವರ್ಷದಿಂದ ಹೋಟೆಲ್ ನಡೆಸುತ್ತಿದ್ದಾರೆ. ಶುಗರ್ ಇದೆ. 2016ರಲ್ಲಿ ಒಂದು ಸ್ಟೆಂಟ್ ಹಾಕಿದ್ದಾರೆ. ಎರಡು ತಿಂಗಳಿಂದ ಸ್ಟೇಷನ್ ಬ್ರಿಜ್ ಹತ್ತುವಾಗ ಏದುಸಿರು ಬರುತ್ತಿತ್ತು. ತೋರಿಸಿದಾಗ ಎಕೋದಲ್ಲಿ ಪಂಪಿಂಗ್ 30 ಪರ್ಸೆಂಟ್ ಅಂತ ಬಂತು. ಆಂಜಿಯೋಗ್ರಾಫಿಯಲ್ಲಿ ಮೂರು ನಾಳದಲ್ಲೂ ಬ್ಲಾಕ್ ಇದೆ, ಮುಂದಿನ ದೊಡ್ಡ ನಾಳ ಪೂರ್ತಿ ಮುಚ್ಚಿದೆ ಅಂದರು. ಎದೆನೋವು ಅಂತ ಅವರು ಒಂದು ದಿನವೂ ಹೇಳಿದವರಲ್ಲ. ಒಬ್ಬ ಡಾಕ್ಟರು ಬೈಪಾಸ್ ಮಾಡಿಸಿ ಅನ್ನುತ್ತಾರೆ. ಇನ್ನೊಬ್ಬರು ಮೊದಲು ಹೃದಯದ ಎಂಆರ್‌ಐ ಮಾಡಿಸಿ, ಸ್ನಾಯು ಜೀವಂತ ಇದೆಯಾ ನೋಡೋಣ ಅನ್ನುತ್ತಾರೆ. ಆಂಜಿಯೋ ಆದ ಮೇಲೂ ಇನ್ನೊಂದು ಟೆಸ್ಟ್ ಯಾಕೆ? ಒಂದು ಚಿತ್ರ ನೋಡಿ ಸ್ನಾಯು ಸತ್ತಿದೆಯೋ ಬದುಕಿದೆಯೋ ಹೇಳಲು ಆಗುತ್ತದಾ? ಒಳಗೆ ಸ್ಟೆಂಟ್ ಇರುವಾಗ ಅಯಸ್ಕಾಂತದ ಮೆಷಿನ್ ಒಳಗೆ ಹೋಗಬಹುದಾ? ಅವರಿಗೆ ಲಿಫ್ಟ್‌ನಲ್ಲಿ ನಿಲ್ಲುವುದಕ್ಕೂ ಭಯ.

ಉತ್ತರ: ಮೊದಲೇ ನೇರವಾಗಿ ಹೇಳಿಬಿಡುತ್ತೇನೆ ಅಮ್ಮಾ. ನಿಮ್ಮ ಯಜಮಾನರ ವಿಷಯದಲ್ಲಿ ಈ ಎಂಆರ್‌ಐ ಸುಮ್ನೆ ಖರ್ಚಲ್ಲ. ನಮ್ಮ ಮನೆಯವರಾಗಿದ್ದರೆ ನಾನು ಮಾಡಿಸುತ್ತಿದ್ದೆ. ಆದರೆ ಅದಕ್ಕಾಗಿ ವಾರಗಟ್ಟಲೆ ಕಾಯುತ್ತಾ ಔಷಧಿಯನ್ನಾಗಲಿ, ಸರ್ಜನ್ನರನ್ನು ಕಾಣುವುದನ್ನಾಗಲಿ ಮುಂದಕ್ಕೆ ಹಾಕಬೇಡಿ. ಇನ್ನೊಂದು ಮಾತು. ಬೈಪಾಸ್ ಬೇಕೋ ಬೇಡವೋ ಅಂತ ಆ ಚಿತ್ರವೊಂದೇ ತೀರ್ಮಾನ ಮಾಡುವುದಿಲ್ಲ. ಮುಂಬೈನಲ್ಲಿ ಹೃದಯದ ಎಂಆರ್‌ಐ ತೆಗೆದು ಓದುವುದೇ ನನ್ನ ದಿನದ ಕೆಲಸ. ನೀವು ಕೇಳಿದ್ದನ್ನೇ ಕೇಳುವ ಮನೆಯವರು ನಮ್ಮ ಬಾಗಿಲಲ್ಲಿ ಆಗಾಗ ಕೂತಿರುತ್ತಾರೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಆಂಜಿಯೋ ಆದ ಮೇಲೂ ಯಾಕೆ ಅಂದಿರಿ. ನಮ್ಮ ಊರ ಕಡೆಯ ಗದ್ದೆಯನ್ನೇ ನೆನೆಸಿಕೊಳ್ಳಿ. ತೋಡಿನಲ್ಲಿ ನೀರು ಬರುತ್ತದೆ, ಗದ್ದೆಗೆ ಹರಿಯುತ್ತದೆ. ಆಂಜಿಯೋಗ್ರಾಫಿ ತೋಡನ್ನು ತೋರಿಸುತ್ತದೆ. ಎಲ್ಲಿ ಮಣ್ಣು ಕುಸಿದಿದೆ, ಎಲ್ಲಿ ಅರ್ಧ ಕಟ್ಟಿದೆ, ಎಲ್ಲಿ ಪೂರ್ತಿ ನಿಂತಿದೆ ಅಂತ ಅದರಷ್ಟು ಚೆನ್ನಾಗಿ ಹೇಳುವ ಟೆಸ್ಟ್ ಬೇರೆ ಇಲ್ಲ. ಗದ್ದೆ ಹೇಗಿದೆ ಅಂತ ಮಾತ್ರ ಅದು ಹೇಳುವುದಿಲ್ಲ. ತೋಡು ಕಟ್ಟಿದ್ದರೂ ಪಕ್ಕದ ಗದ್ದೆಯಿಂದ ಅಷ್ಟಿಷ್ಟು ನೀರು ಜಿನುಗಿ ಪೈರು ಹಾಗೂ ಹೀಗೂ ಬದುಕಿರಬಹುದು. ಒಣಗಿ ಹೋಗಿಯೂ ಇರಬಹುದು. ಹೃದಯದಲ್ಲೂ ಹೀಗೆಯೇ. ದೊಡ್ಡ ನಾಳ ನಿಧಾನವಾಗಿ ಮುಚ್ಚುತ್ತಾ ಬಂದರೆ ಅಕ್ಕಪಕ್ಕದ ಸಣ್ಣ ನಾಳಗಳು ಹಿಗ್ಗಿ ಒಂದಿಷ್ಟು ರಕ್ತ ತಲುಪಿಸುತ್ತವೆ. ನೂರಕ್ಕೆ ನೂರು ಬ್ಲಾಕ್ ಅಂದ ತಕ್ಷಣ ಅದರ ಕೆಳಗಿನ ಸ್ನಾಯು ನೂರಕ್ಕೆ ನೂರು ಸತ್ತಿದೆ ಅಂತ ಅಲ್ಲ.

ಹಾಗಾದರೆ ಎಕೋ ಸಾಲದಾ ಅಂತ ಕೇಳಬಹುದು. ಎಕೋ ಬಹಳ ಒಳ್ಳೆಯ ಟೆಸ್ಟ್. ಅದು ಗೋಡೆ ಅಲುಗುತ್ತಿದೆಯಾ ಇಲ್ಲವಾ ಅಂತ ಹೇಳುತ್ತದೆ. ಆದರೆ ಅಲುಗದ ಗೋಡೆಯೆಲ್ಲ ಸತ್ತ ಗೋಡೆ ಅಲ್ಲ. ಬೇಸಿಗೆಯಲ್ಲಿ ಕಪ್ಪೆ ಕೆಸರೊಳಗೆ ಹೂತು ಕೂತಿರುತ್ತದೆ, ನೋಡಿದ್ದೀರಲ್ಲ. ತಿವಿದರೂ ಅಲುಗುವುದಿಲ್ಲ. ಮೊದಲ ಮಳೆ ಬಿದ್ದರೆ ಸಾಕು, ಎದ್ದು ಕೂಗುತ್ತದೆ. ರಕ್ತ ಸಾಲದ ಹೃದಯದ ಸ್ನಾಯುವೂ ಹಾಗೆ ಮಾಡುತ್ತದೆ. ಸಿಗುವ ಸ್ವಲ್ಪ ರಕ್ತದಲ್ಲಿ ಜೀವ ಉಳಿಸಿಕೊಂಡು, ಕೆಲಸ ನಿಲ್ಲಿಸಿ, ಸುಮ್ಮನೆ ಇದ್ದುಬಿಡುತ್ತದೆ. ಡಾಕ್ಟರುಗಳು ಇದಕ್ಕೆ ಹೈಬರ್ನೇಟಿಂಗ್ ಮಯೋಕಾರ್ಡಿಯಮ್ ಅನ್ನುತ್ತಾರೆ. ರಕ್ತ ಮತ್ತೆ ಹರಿದರೆ ಅದು ಏಳಬಹುದು. ಒಂದೇ ದಿನದಲ್ಲಲ್ಲ, ತಿಂಗಳುಗಳೇ ಬೇಕು. ಸತ್ತು ಕಲೆಯಾದ ಸ್ನಾಯು ಎಷ್ಟು ರಕ್ತ ಕೊಟ್ಟರೂ ಏಳುವುದಿಲ್ಲ. ಎಕೋದ ಕಣ್ಣಿಗೆ ಇವೆರಡೂ ಬಹಳ ಸಲ ಒಂದೇ ಥರ ಕಾಣುತ್ತವೆ. ಎಂಆರ್‌ಐ ಬೇಕಾಗುವುದು ಇಲ್ಲಿ.

ಈಗ ಆ ಚಿತ್ರ ಹೇಗೆ ಬರುತ್ತದೆ ನೋಡಿ. ಯಂತ್ರ ಒಂದು ದೊಡ್ಡ ಅಯಸ್ಕಾಂತ. ಹೃದಯಕ್ಕೆ ಸಾಮಾನ್ಯವಾಗಿ 1.5 ಟೆಸ್ಲಾದ್ದು ಬಳಸುತ್ತಾರೆ. ಅಂದರೆ ಭೂಮಿಯ ಅಯಸ್ಕಾಂತ ಶಕ್ತಿಗಿಂತ ಸುಮಾರು 30,000 ಪಟ್ಟು. ನಮ್ಮ ಮೈಯಲ್ಲಿರುವ ನೀರಿನ ಹೈಡ್ರೋಜನ್ ಕಣಗಳು ಆ ಬಲಕ್ಕೆ ಸಾಲಾಗಿ ನಿಲ್ಲುತ್ತವೆ. ರೇಡಿಯೋ ಅಲೆ ಕೊಟ್ಟರೆ ಅಲುಗಾಡಿ ತಿರುಗಿ ಒಂದು ಸಣ್ಣ ಸಂಕೇತ ಕೊಡುತ್ತವೆ. ಅದರಿಂದ ಚಿತ್ರ. ಎಕ್ಸ್‌ರೇ ಇಲ್ಲ, ಸಿಟಿಯಲ್ಲಿ ಇರುವ ವಿಕಿರಣ ಇಲ್ಲ.

ಹೃದಯ ಬಡಿಯುತ್ತಲೇ ಇರುತ್ತದೆ, ಎದೆ ಉಸಿರಿಗೆ ಏರಿಳಿಯುತ್ತಲೇ ಇರುತ್ತದೆ. ಹಾಗಾಗಿ ಎದೆಗೆ ಇಸಿಜಿಯ ತಂತಿ ಅಂಟಿಸಿ, ಬಡಿತಕ್ಕೆ ತಾಳ ಹಾಕಿಕೊಂಡು ಚಿತ್ರ ತೆಗೆಯುತ್ತೇವೆ. ಪ್ರತಿ ಸಲ 10ರಿಂದ 15 ಸೆಕೆಂಡು ಉಸಿರು ಹಿಡಿಯಬೇಕು. ಹೃದಯದ ಎಡಗಡೆಯ ಕೋಣೆಯನ್ನು ಮೇಲಿಂದ ಕೆಳಗೆ ಅಡ್ಡಡ್ಡವಾಗಿ ಕೊಯ್ದ ಹಾಗೆ 10–12 ಬಿಲ್ಲೆಗಳ ಚಿತ್ರ ಬರುತ್ತದೆ. ನಿಮ್ಮದು ಹೋಟೆಲ್ ಮನೆ, ನಿಮಗೆ ಬೇಗ ಅರ್ಥವಾದೀತು. ಒಂದೊಂದು ಬಿಲ್ಲೆಯೂ ಉದ್ದಿನ ವಡೆಯ ಹಾಗೆ ಕಾಣುತ್ತದೆ. ನಡುವಿನ ತೂತು ರಕ್ತ, ಸುತ್ತಲಿನದು ಸ್ನಾಯು. ಆ ಸುತ್ತಿನ ದಪ್ಪ ಸುಮಾರು 1 ಸೆಂಟಿಮೀಟರ್.

ಮೊದಲು ಈ ಬಿಲ್ಲೆಗಳು ಬಡಿಯುವುದನ್ನು ಸಿನಿಮಾದ ಹಾಗೆ ತೆಗೆಯುತ್ತೇವೆ. ತುಂಬಿದಾಗ ಎಷ್ಟು ರಕ್ತ, ಹಿಂಡಿದಾಗ ಎಷ್ಟು ಉಳಿಯಿತು ಅಂತ ಬಿಲ್ಲೆ ಬಿಲ್ಲೆಯಾಗಿ ಅಳೆದು ಕೂಡಿಸುತ್ತೇವೆ. ಪಂಪಿಂಗ್ ಲೆಕ್ಕಕ್ಕೆ ಇದಕ್ಕಿಂತ ನೆಚ್ಚಿಕೊಳ್ಳಬಹುದಾದ ಅಳತೆ ಇಲ್ಲ. ಎಕೋದಲ್ಲಿ 30 ಅಂತ ಬಂದದ್ದು ಇಲ್ಲಿ 26 ಆಗಬಹುದು, 36 ಆಗಬಹುದು. ಸಣ್ಣ ವ್ಯತ್ಯಾಸ ಅನ್ನಿಸುತ್ತದೆ ಅಲ್ವಾ? ಆದರೆ ಮುಂದೆ ಎದೆಯೊಳಗೆ ಶಾಕ್ ಕೊಡುವ ಯಂತ್ರ, ಅಂದರೆ ಐಸಿಡಿ, ಬೇಕೋ ಬೇಡವೋ ಅಂತ ಕೇಳುವಾಗ 35ರ ಗೆರೆಯ ಆಚೆಯೋ ಈಚೆಯೋ ಅನ್ನುವುದು ದೊಡ್ಡ ಮಾತಾಗುತ್ತದೆ.

ಆಮೇಲೆ ಕೈಯ ನರಕ್ಕೆ ಗ್ಯಾಡೋಲಿನಿಯಮ್ ಅನ್ನುವ ಔಷಧಿ ಕೊಟ್ಟು 10ರಿಂದ 20 ನಿಮಿಷ ಕಾಯುತ್ತೇವೆ. ಇಡೀ ಟೆಸ್ಟಿನ ಜೀವ ಈ ಕಾಯುವುದರಲ್ಲಿದೆ. ಬೆಳಗ್ಗೆ ಎಂಟೂವರೆಯ ಡೊಂಬಿವಲಿ ಲೋಕಲ್ ನೆನಪು ಮಾಡಿಕೊಳ್ಳಿ. ಡಬ್ಬ ತುಂಬಿದೆ, ಕಾಲಿಡಲು ಜಾಗ ಇಲ್ಲ. ಜೀವಂತ ಸ್ನಾಯು ಹಾಗೆ. ಕೋಶಗಳು ಒತ್ತೊತ್ತಾಗಿ ನಿಂತಿರುತ್ತವೆ. ಗ್ಯಾಡೋಲಿನಿಯಮ್ ಕೋಶದ ಒಳಗೆ ಹೋಗುವುದಿಲ್ಲ, ನಡುವಿನ ಸಂದಿಯಲ್ಲಿ ಮಾತ್ರ ನಿಲ್ಲಬಲ್ಲದು. ಸಂದಿಯೇ ಕಡಿಮೆ ಇದ್ದಾಗ ಅದು ಬಂದ ಹಾಗೆ ಬೇಗ ಹೊರಟುಹೋಗುತ್ತದೆ. ಹಳೆಯ ಕಲೆ ಇರುವ ಕಡೆ ಕೋಶಗಳು ಹೋಗಿಬಿಟ್ಟಿವೆ. ಉಳಿದದ್ದು ನಾರು, ಮತ್ತು ನಾರಿನ ನಡುವೆ ಬೇಕಾದಷ್ಟು ಜಾಗ. ಔಷಧಿ ಅಲ್ಲಿ ಸೇರಿಕೊಳ್ಳುತ್ತದೆ, ನಿಧಾನವಾಗಿ ಹೊರಡುತ್ತದೆ. ಹಾಗಾಗಿ ಹತ್ತು ಹದಿನೈದು ನಿಮಿಷದ ನಂತರ ಚಿತ್ರ ತೆಗೆದರೆ ಜೀವಂತ ಸ್ನಾಯು ಕಪ್ಪಗೆ, ಸತ್ತ ಜಾಗ ಬೆಳ್ಳಗೆ ಕಾಣುತ್ತದೆ. ಇದಕ್ಕೆ ಲೇಟ್ ಗ್ಯಾಡೋಲಿನಿಯಮ್ ಎನ್‌ಹಾನ್ಸ್‌ಮೆಂಟ್ ಅನ್ನುತ್ತಾರೆ. ರಿಪೋರ್ಟಿನಲ್ಲಿ ಎಲ್‌ಜಿಇ ಅಂತ ಇರುತ್ತದೆ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇದೇ. ಹೌದು, ಸತ್ತದ್ದು ಎಷ್ಟು ಅಂತ ಕಣ್ಣಿಗೆ ಕಾಣುತ್ತದೆ.

ಸತ್ತಿದೆಯಾ ಇಲ್ಲವಾ ಅನ್ನುವುದಕ್ಕಿಂತ ಎಷ್ಟು ಆಳಕ್ಕೆ ಸತ್ತಿದೆ ಅನ್ನುವುದು ಮುಖ್ಯ. ತೋಡಿನಲ್ಲಿ ನೀರು ಕಡಿಮೆಯಾದಾಗ ಮೊದಲು ಒಣಗುವುದು ಕೊನೆಯ ಗದ್ದೆ ಅಲ್ವಾ? ಹೃದಯದ ನಾಳಗಳು ಹೊರಮೈ ಮೇಲೆ ಹರಿಯುತ್ತವೆ, ಒಳಪದರ ಅವಕ್ಕೆ ಕೊನೆಯ ಗದ್ದೆ. ಕೋಣೆಯೊಳಗಿನ ಒತ್ತಡವೂ ಅದರ ಮೇಲೆಯೇ ಜಾಸ್ತಿ. ಹಾಗಾಗಿ ಸಾವು ಒಳಗಿಂದ ಶುರುವಾಗಿ ಹೊರಕ್ಕೆ ಹರಡುತ್ತದೆ. 1977ರಲ್ಲಿ ರೈಮರ್ ಮತ್ತು ಜೆನ್ನಿಂಗ್ಸ್ ಅನ್ನುವ ವಿಜ್ಞಾನಿಗಳು ನಾಯಿಗಳ ಹೃದಯದಲ್ಲಿ ಇದನ್ನು ತೋರಿಸಿಕೊಟ್ಟರು. ವಡೆಯ ತೂತಿನ ಅಂಚಿಗೆ ಮಾತ್ರ ಬಿಳಿ ಇದ್ದರೆ ಸಣ್ಣ ನಷ್ಟ. ಬಿಳಿ ಹೊರಗಿನ ಅಂಚಿನವರೆಗೆ ಬಂದಿದ್ದರೆ ಗೋಡೆ ಪೂರ್ತಿ ಹೋಗಿದೆ. ರೇಡಿಯೋ ಔಷಧಿ ಕೊಟ್ಟು ಮಾಡುವ ಹಳೆಯ ನ್ಯೂಕ್ಲಿಯರ್ ಸ್ಕ್ಯಾನ್ ಸುಮಾರು ಒಂದು ಸೆಂಟಿಮೀಟರ್‌ಗಿಂತ ಸಣ್ಣದನ್ನು ಬಿಡಿಸಿ ನೋಡಲಾರದು. ಗೋಡೆಯೇ ಒಂದು ಸೆಂಟಿಮೀಟರ್. ಎಂಆರ್‌ಐ ಒಂದೂವರೆ, ಎರಡು ಮಿಲಿಮೀಟರ್ ಬಿಡಿಸಿ ತೋರಿಸುತ್ತದೆ. ಒಳಅಂಚಿನ ತೆಳ್ಳಗಿನ ಕಲೆ ಹಾಗಾಗಿಯೇ ಸಿಗುತ್ತದೆ.

2000ನೇ ಇಸವಿಯಲ್ಲಿ ಅಮೆರಿಕದ ಶಿಕಾಗೋದಲ್ಲಿ ರೇಮಂಡ್ ಕಿಮ್ ಮತ್ತು ಅವರ ಜೊತೆಯವರು 50 ರೋಗಿಗಳನ್ನು ಹೀಗೆ ನೋಡಿದರು. ಬೈಪಾಸ್ ಅಥವಾ ಸ್ಟೆಂಟ್‌ಗೆ ಮೊದಲು ಚಿತ್ರ ತೆಗೆದರು, ಆಮೇಲೆ ಗೋಡೆ ಎದ್ದಿತಾ ಅಂತ ನೋಡಿದರು. ಸರಿಯಾಗಿ ಅಲುಗದ, ಆದರೆ ಬಿಳಿ ಇಲ್ಲದ 329 ಭಾಗಗಳಲ್ಲಿ 256 ಎದ್ದವು. ಮುಕ್ಕಾಲಿಗಿಂತ ಹೆಚ್ಚು ಬಿಳಿಯಾಗಿದ್ದ 58 ಭಾಗಗಳಲ್ಲಿ ಎದ್ದದ್ದು ಒಂದೇ ಒಂದು. ನಾವು ಇವತ್ತಿಗೂ ರಿಪೋರ್ಟಿನಲ್ಲಿ ಕಾಲು, ಅರ್ಧ, ಮುಕ್ಕಾಲು ಅಂತ ಬರೆಯುವುದು ಅಲ್ಲಿಂದ ಬಂದದ್ದು. ಕಾಲು ಭಾಗದೊಳಗಿದ್ದರೆ ಒಳ್ಳೆಯ ಆಸೆ. ಮುಕ್ಕಾಲು ದಾಟಿದರೆ ಆ ಜಾಗದ ಆಸೆ ಬಿಡಬೇಕು. ನಡುವಿನದ್ದು ನಿಜವಾಗಿಯೂ ನಡುವಿನದ್ದೇ. ಅಲ್ಲಿ ಖಚಿತ ಮಾತು ಹೇಳುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಒಬ್ಬರ ಚಿತ್ರ ನನ್ನ ಕಣ್ಣಲ್ಲಿ ಇನ್ನೂ ಇದೆ. ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದವರು, ಕಾರ್ಕಳದ ಕಡೆಯವರು. ಮುಂದಿನ ಗೋಡೆ ಒಂಚೂರೂ ಅಲುಗುವುದಿಲ್ಲ, ತೆಳ್ಳಗೂ ಆಗಿದೆ ಅಂತ ಎಕೋದಲ್ಲಿತ್ತು. ಆ ಭಾಗ ಹೋಯಿತು ಅಂತ ಮನೆಯವರಿಗೆ ಯಾರೋ ಹೇಳಿಬಿಟ್ಟಿದ್ದರು. ಮಗ ಮಾನಿಟರ್ ಪಕ್ಕದಲ್ಲೇ ನಿಂತಿದ್ದ. ಒಂದೊಂದೇ ಬಿಲ್ಲೆ ಮೂಡಿತು. ತೂತಿನ ಅಂಚಿಗೆ ಹೊಲಿಗೆ ದಾರದಷ್ಟು ಬಿಳಿ ಗೆರೆ, ಅದರ ಹೊರಗೆ ಎಲ್ಲ ಕಪ್ಪು. ಈ ಕಪ್ಪೆಲ್ಲ ನಿಮ್ಮಪ್ಪನ ಜೀವಂತ ಸ್ನಾಯು ಅಂತ ಬೆರಳಿಟ್ಟು ತೋರಿಸಿದೆ. ಹುಡುಗ ಪಕ್ಕದ ಕುರ್ಚಿ ಎಳೆದುಕೊಂಡು ಕೂತುಬಿಟ್ಟ. ಬೈಪಾಸ್ ಆಗಿ ಆರು ತಿಂಗಳಿಗೆ ಮಾಡಿದ ಎಕೋದಲ್ಲಿ ಅದೇ ಗೋಡೆ ಅಲುಗುತ್ತಿತ್ತು. ಎಲ್ಲರಿಗೂ ಹೀಗೆ ಆಗುತ್ತದೆ ಅಂತ ಹೇಳಲಾರೆ. ಆದರೆ ತೆಳ್ಳಗಾದ ಗೋಡೆಯನ್ನು ಎಕೋ ಒಂದನ್ನೇ ನೋಡಿ ಸತ್ತಿದೆ ಅನ್ನಬಾರದು ಅಂತ ಅವತ್ತಿನಿಂದ ಹೇಳುತ್ತಲೇ ಬಂದಿದ್ದೇನೆ.

ಎದೆನೋವೇ ಬರಲಿಲ್ಲ ಅಂತ ಬರೆದಿದ್ದೀರಿ. ನಿಮ್ಮನ್ನು ನೀವು ಬೈದುಕೊಳ್ಳಬೇಡಿ, ನಿಮಗೆ ಗೊತ್ತಾಗುವ ಹಾಗೇ ಇರಲಿಲ್ಲ. ಶುಗರ್ ಇರುವವರಲ್ಲಿ ನರಗಳು ಮಂದವಾಗಿ ನೋವು ಕಾಣಿಸದೇ ಹಾರ್ಟ್ ಅಟ್ಯಾಕ್ ಆಗಿಹೋಗಬಹುದು. ಗ್ಯಾಸ್ ಅಂತ ಸೋಡಾ ಕುಡಿದು ಮಲಗಿದ ರಾತ್ರಿಯೇ ಅದಾಗಿರಬಹುದು. ಐಸ್‌ಲ್ಯಾಂಡ್‌ನಲ್ಲಿ 67ರಿಂದ 93 ವರ್ಷದ 936 ಜನರಿಗೆ ಎಂಆರ್‌ಐ ಮಾಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಶೇ. 17 ಜನರಲ್ಲಿ ಅವರಿಗೇ ಗೊತ್ತಿಲ್ಲದ ಹಳೆಯ ಅಟ್ಯಾಕಿನ ಕಲೆ ಸಿಕ್ಕಿತು. ಗೊತ್ತಿದ್ದ ಅಟ್ಯಾಕ್ ಆಗಿದ್ದವರು ಶೇ. 10ರಷ್ಟು ಮಾತ್ರ. ಅಂದರೆ ಗೊತ್ತಾಗದೇ ಆದದ್ದೇ ಜಾಸ್ತಿ. ಶುಗರ್ ಇದ್ದವರಲ್ಲಿ ಇನ್ನೂ ಜಾಸ್ತಿ.

ಚಿತ್ರ ಒಂದೇ ತೀರ್ಮಾನ ಮಾಡುವುದಿಲ್ಲ ಅಂದೆನಲ್ಲ, ಅದಕ್ಕೆ ಕಾರಣ ಇದೆ. ಸ್ನಾಯು ಜೀವಂತ ಇದ್ದರೆ ಬೈಪಾಸ್, ಇಲ್ಲದಿದ್ದರೆ ಬೇಡ ಅಂತ ನಾವೆಲ್ಲ ಬಹಳ ವರ್ಷ ಸರಳವಾಗಿ ನಂಬಿದ್ದೆವು. ದೊಡ್ಡ ಅಧ್ಯಯನಗಳು ಅಷ್ಟು ಸರಳವಾಗಿ ಹೇಳಲಿಲ್ಲ. ಪಂಪಿಂಗ್ 35 ಅಥವಾ ಅದಕ್ಕಿಂತ ಕಡಿಮೆ ಇದ್ದ 1,212 ಜನರ ಮೇಲೆ ಸ್ಟಿಚ್ ಅನ್ನುವ ಅಧ್ಯಯನ ನಡೆಯಿತು. ಹತ್ತು ವರ್ಷದ ಲೆಕ್ಕ 2016ರಲ್ಲಿ ಬಂತು. ಬರೀ ಔಷಧಿಯಲ್ಲಿದ್ದವರಲ್ಲಿ ಶೇ. 66 ಜನ ತೀರಿಕೊಂಡಿದ್ದರು, ಬೈಪಾಸ್ ಜೊತೆಗೆ ಔಷಧಿ ತೆಗೆದುಕೊಂಡವರಲ್ಲಿ ಶೇ. 59. ಬೈಪಾಸ್‌ನಿಂದ ಲಾಭ ಇದೆ. ಆದರೆ ಜೀವಂತ ಸ್ನಾಯು ಇದ್ದವರಿಗೆ ಮಾತ್ರ ಆ ಲಾಭ, ಇಲ್ಲದವರಿಗೆ ಇಲ್ಲ ಅಂತ ಅಲ್ಲಿ ಸಾಬೀತಾಗಲಿಲ್ಲ. ಅಲ್ಲಿ ನೋಡಿದ್ದು ಎಂಆರ್‌ಐನಲ್ಲಿ ಅಲ್ಲ, ನ್ಯೂಕ್ಲಿಯರ್ ಸ್ಕ್ಯಾನ್ ಮತ್ತು ಔಷಧಿ ಕೊಟ್ಟು ಮಾಡುವ ಎಕೋದಲ್ಲಿ ಅನ್ನುವುದೂ ನೆನಪಿರಲಿ. 2022ರಲ್ಲಿ ಬ್ರಿಟನ್ನಿನ ರಿವೈವ್ಡ್ ಅಧ್ಯಯನ ಬಂತು. 700 ಜನ, ಪಂಪಿಂಗ್ ಕಡಿಮೆ, ಜೀವಂತ ಸ್ನಾಯು ಇದೆ ಅಂತ ಟೆಸ್ಟಿನಲ್ಲಿ ಕಂಡಿತ್ತು. ಅಂಥವರಿಗೆ ಸ್ಟೆಂಟ್ ಹಾಕಿದ್ದರಿಂದ ಸಾವಾಗಲಿ, ಹಾರ್ಟ್ ಫೇಲ್ಯೂರ್ ಆಗಿ ಆಸ್ಪತ್ರೆ ಸೇರುವುದಾಗಲಿ ಕಡಿಮೆಯಾಗಲಿಲ್ಲ. ಅದೇ ಗುಂಪನ್ನು ಮತ್ತೆ ನೋಡಿದಾಗ ಮುಂದಿನ ಗತಿ ಹೇಳಿದ್ದು ಜೀವಂತ ಸ್ನಾಯು ಎಷ್ಟು ಅನ್ನುವುದಲ್ಲ, ಕಲೆ ಎಷ್ಟು ಅನ್ನುವುದು.

ಹಾಗಾದರೆ ನಿಮ್ಮ ಮನೆಗೆ ಇದರ ಅರ್ಥ ಏನು? ನಿಮ್ಮ ಯಜಮಾನರಿಗೆ ಮೂರು ನಾಳದ ಬ್ಲಾಕ್, ಶುಗರ್, ಪಂಪಿಂಗ್ 30, ವಯಸ್ಸು ಇನ್ನೂ 58. ಶುಗರ್ ಇದ್ದು ಹಲವು ನಾಳ ಕಟ್ಟಿದವರಿಗೆ ಸ್ಟೆಂಟ್‌ಗಿಂತ ಬೈಪಾಸ್ ಒಳ್ಳೆಯದು ಅಂತ 2012ರಲ್ಲೇ 1,900 ಜನರ ಫ್ರೀಡಮ್ ಅಧ್ಯಯನ ತೋರಿಸಿದೆ. ಇಷ್ಟೆಲ್ಲ ಬೈಪಾಸ್ ಕಡೆಗೇ ತೂಗುತ್ತದೆ. ಮೊದಲ ಡಾಕ್ಟರು ಹೇಳಿದ್ದು ತಪ್ಪಲ್ಲ. ಎರಡನೆಯವರು ಹೇಳಿದ್ದೂ ತಪ್ಪಲ್ಲ. ಎಂಆರ್‌ಐ ಸರ್ಜನ್ನರ ಕೈಗೆ ನಕ್ಷೆ ಕೊಡುತ್ತದೆ. ಯಾವ ನಾಳದ ಕೆಳಗೆ ಬದುಕಿದ ಸ್ನಾಯು ಇದೆ, ಎಲ್ಲಿ ಹೊಸ ನಾಳ ಜೋಡಿಸಿದರೆ ಪ್ರಯೋಜನ, ಎಲ್ಲಿ ಇಲ್ಲ ಅಂತ. ಕಲೆ ಕಡಿಮೆ ಇದ್ದರೆ ಎಲ್ಲರಿಗೂ ಧೈರ್ಯ. ಕಲೆ ತುಂಬ ಜಾಸ್ತಿ ಇದ್ದರೆ ಆಪರೇಷನ್ನಿನ ಅಪಾಯ ಮತ್ತು ಸಿಗುವ ಲಾಭ ಎರಡನ್ನೂ ಎದುರಿಗೆ ಇಟ್ಟುಕೊಂಡು ಮಾತಾಡಬಹುದು.

ಇನ್ನೊಂದು ಕಾರಣಕ್ಕೂ ನಾನು ಈ ಚಿತ್ರ ಬೇಕು ಅನ್ನುತ್ತೇನೆ. ಮುಂದಿನ ಗೋಡೆ, ಹೃದಯದ ತುದಿ ಅಲುಗದೇ ಇದ್ದಾಗ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಕಿತ್ತು ಮೆದುಳಿಗೆ ಹೋದರೆ ಲಕ್ವ. ಸಣ್ಣ ಹೆಪ್ಪು ಎಕೋದಲ್ಲಿ ತಪ್ಪಿಹೋಗುವುದು ಅಪರೂಪವಲ್ಲ. ಎಂಆರ್‌ಐನಲ್ಲಿ ಅದು ಬಿಳಿ ಕಲೆಗೆ ಒರಗಿ ಕೂತ ಕಪ್ಪು ಕಾಳಿನ ಹಾಗೆ ಎದ್ದು ಕಾಣುತ್ತದೆ. ಸ್ನಾಯುವಿನ ವಿಷಯ ಕೇಳಲು ಬಂದು ಹೆಪ್ಪು ಸಿಕ್ಕಿ, ಅವತ್ತೇ ರಕ್ತ ತೆಳುಮಾಡುವ ಮಾತ್ರೆ ಶುರುವಾದವರಿದ್ದಾರೆ.

ಸ್ಟ್ರೆಸ್ ಎಂಆರ್‌ಐ ಅಂತ ಒಂದು ಇದೆ. ನಿಮ್ಮವರಿಗೆ ಬಹುಶಃ ಅದು ಬೇಕಾಗುವುದಿಲ್ಲ, ಬ್ಲಾಕ್ ಇದೆ ಅಂತ ಗೊತ್ತಾಗಿಯೇ ಇದೆ. ಎದೆನೋವು ಇದೆ, ಬ್ಲಾಕ್ ರಕ್ತ ಕಡಿಮೆ ಮಾಡುತ್ತಿದೆಯಾ ಅಂತ ಅನುಮಾನ ಇದೆ ಅನ್ನುವವರಿಗೆ ಅದು. ಅಡೆನೋಸಿನ್ ಅನ್ನುವ ಔಷಧಿಯನ್ನು ಕೆಲವು ನಿಮಿಷ ನರದಲ್ಲಿ ಹರಿಸಿದರೆ ಸರಿಯಾದ ನಾಳಗಳು ಹಿಗ್ಗುತ್ತವೆ, ಕಟ್ಟಿದವು ಹಿಗ್ಗಲಾರವು. ಗ್ಯಾಡೋಲಿನಿಯಮ್ ಹರಿದು ಬರುವಾಗ ರಕ್ತ ಸಾಲದ ಜಾಗ ಕಪ್ಪಗೆ ಹಿಂದೆ ಉಳಿಯುತ್ತದೆ. 2019ರ ಎಂಆರ್-ಇನ್‌ಫಾರ್ಮ್ ಅಧ್ಯಯನದಲ್ಲಿ 918 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಈ ಟೆಸ್ಟ್, ಇನ್ನೊಂದಕ್ಕೆ ನೇರವಾಗಿ ಆಂಜಿಯೋ ಮಾಡಿ ನಾಳದೊಳಗೆ ತಂತಿ ಇಟ್ಟು ಒತ್ತಡ ಅಳೆಯುವುದು. ಒಂದು ವರ್ಷಕ್ಕೆ ಎಂಆರ್‌ಐ ಗುಂಪಿನವರ ಗತಿ ಇನ್ನೊಂದು ಗುಂಪಿಗಿಂತ ಕೆಟ್ಟದಾಗಲಿಲ್ಲ, ಸ್ಟೆಂಟ್ ಅಥವಾ ಬೈಪಾಸ್ ಆದವರು ಮಾತ್ರ ಕಡಿಮೆ. ಶೇ. 36 ಒಂದು ಕಡೆ, ಶೇ. 45 ಇನ್ನೊಂದು ಕಡೆ. ಮುಂಬೈಯಲ್ಲಿ ಎದೆ ಸ್ವಲ್ಪ ಹಿಡಿದರೂ ನೇರ ಆಂಜಿಯೋಗೇ ಹೋಗುವ ಅಭ್ಯಾಸ ಇದೆಯಲ್ಲ, ಅದಕ್ಕೆ ಈ ಲೆಕ್ಕವನ್ನು ಎಲ್ಲರಿಗೂ ಹೇಳುತ್ತಿರುತ್ತೇನೆ.

ಒಂದು ವೇಳೆ ನಿಮ್ಮವರಿಗೂ ಸ್ಟ್ರೆಸ್ ಬರೆದುಕೊಟ್ಟರೆ ಒಂದು ವಿಷಯ ಬಿಗಿಯಾಗಿ ನೋಡಿಕೊಳ್ಳಿ. 24 ಗಂಟೆ ಚಹಾ, ಕಾಫಿ, ಕೋಲಾ, ಚಾಕಲೇಟ್ ಏನೂ ಬೇಡ. ಕೆಫೀನ್ ಆ ಔಷಧಿಯ ಕೆಲಸವನ್ನೇ ತಡೆಯುತ್ತದೆ, ಟೆಸ್ಟ್ ಸುಳ್ಳು ಹೇಳಿಬಿಡುತ್ತದೆ. ಹೋಟೆಲ್ ಗಲ್ಲಾದಲ್ಲಿ ಕೂತವರಿಗೆ ಅರ್ಧ ಕಪ್ ಚಹಾ ಲೆಕ್ಕಕ್ಕೇ ಬರುವುದಿಲ್ಲ, ನನಗೆ ಗೊತ್ತು. ಹಿಂದಿನ ದಿನ ಅವರನ್ನು ಹೋಟೆಲಿಗೆ ಕಳಿಸದಿರುವುದೇ ಒಳ್ಳೆಯದು. ತಲೆನೋವಿನ ಸ್ಯಾರಿಡಾನ್‌ನಲ್ಲೂ ಕೆಫೀನ್ ಇದೆ. ಉಬ್ಬಸಕ್ಕೆ ಡೆರಿಫಿಲಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು. ಉಬ್ಬಸ ಜೋರಾಗಿದ್ದವರಿಗೆ ಅಡೆನೋಸಿನ್ ಕೊಡುವಂತಿಲ್ಲ.

ಸ್ಟೆಂಟ್ ವಿಷಯಕ್ಕೆ ಭಯ ಬೇಡ. ಹೃದಯದ ಸ್ಟೆಂಟ್‌ಗಳು ಈ ಅಯಸ್ಕಾಂತಕ್ಕೆ ಎಳೆದು ಬರುವುದಿಲ್ಲ. 2016ರದ್ದಿರಲಿ, ಹೋದ ವಾರ ಹಾಕಿದ ಸ್ಟೆಂಟ್ ಇದ್ದರೂ ಮಾಡಬಹುದು. ಸ್ಟೆಂಟಿನ ಕಾರ್ಡ್ ಇದ್ದರೆ ತನ್ನಿ. ಬೈಪಾಸ್ ಆದವರ ಎದೆಮೂಳೆಯ ತಂತಿಯೂ ತೊಂದರೆ ಕೊಡುವುದಿಲ್ಲ. ಕೇಳಲೇಬೇಕಾದದ್ದು ಹಳೆಯ ಪೇಸ್‌ಮೇಕರ್, ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಲೇತ್ ಕೆಲಸದವರ ಕಣ್ಣಿಗೆ ಸಿಡಿದ ಕಬ್ಬಿಣದ ಚೂರು. ಮುಂದೆ ಐಸಿಡಿ ಹಾಕುವ ಮಾತು ಬಂದರೆ, ಅದಕ್ಕಿಂತ ಮೊದಲೇ ಎಂಆರ್‌ಐ ಮಾಡಿಸುವುದು ಜಾಣತನ. ಎದೆಯಲ್ಲಿ ಆ ಡಬ್ಬಿ ಕೂತ ಮೇಲೆ ಚಿತ್ರ ಕೆಡುತ್ತದೆ.

ಅಪಾಯ ಹೆಚ್ಚಾಗಿ ಹೊರಗಿನಿಂದ ಕೋಣೆಯೊಳಗೆ ಬರುವ ಕಬ್ಬಿಣದಿಂದ. ಆ ಅಯಸ್ಕಾಂತ ಯಾವಾಗಲೂ ಆನ್ ಇರುತ್ತದೆ, ರಾತ್ರಿ ಕೂಡ. 2018ರಲ್ಲಿ ಮುಂಬೈಯಲ್ಲೇ ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಗೆ ಹೋದ ಒಬ್ಬ ಸಂಬಂಧಿಕರು ಜೀವ ಕಳೆದುಕೊಂಡರು. ಒಳಗೆ ಬನ್ನಿ, ಏನೂ ಆಗಲ್ಲ ಅಂತ ಯಾರೇ ಹೇಳಿದರೂ ಮೊಬೈಲ್, ಕೀ, ಪಿನ್ನು ಎಲ್ಲ ಹೊರಗಿಡದೆ ನೀವು ಹೊಸ್ತಿಲು ದಾಟಬೇಡಿ. ನಿಮ್ಮವರ ಉಂಗುರ, ಸರ, ಸೊಂಟದ ಬೆಳ್ಳಿ ಉಡಿದಾರ ಮನೆಯಲ್ಲೇ ಬಿಚ್ಚಿಟ್ಟು ಬನ್ನಿ. ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ ನಿಜ, ಆದರೆ ಮೈಗೆ ಬಿಗಿದ ಲೋಹ ಬಿಸಿಯಾಗಿ ಸುಡಬಹುದು. ಎದೆಗೆ ಅಂಟಿಸುವ ನೈಟ್ರೋಗ್ಲಿಸರಿನ್ ಪಟ್ಟಿ ಕೊಟ್ಟಿದ್ದರೆ ಅದನ್ನೂ ಹೇಳಿ. ಕೆಲವದರ ಹಿಂಭಾಗದಲ್ಲಿ ಲೋಹದ ತೆಳು ಹಾಳೆ ಇರುತ್ತದೆ.

ಗ್ಯಾಡೋಲಿನಿಯಮ್ ಆಂಜಿಯೋದಲ್ಲಿ ಕೊಟ್ಟ ಅಯೋಡಿನ್ ಡೈ ಅಲ್ಲ, ಬೇರೆ. ಶುಗರ್ ಇದೆ ಅನ್ನುವ ಕಾರಣಕ್ಕೆ ಕಿಡ್ನಿಯ ರಕ್ತಪರೀಕ್ಷೆ, ಅಂದರೆ ಕ್ರಿಯಾಟಿನಿನ್ ನೋಡಿ, ಅದರಿಂದ ಇಜಿಎಫ್ಆರ್, ಅಂದರೆ ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅನ್ನುವ ಲೆಕ್ಕ ಹಾಕಿಸಿ. 30ಕ್ಕಿಂತ ಕೆಳಗಿದ್ದರೆ ಮಾತ್ರ ಯೋಚನೆ ಮಾಡಬೇಕು. ಹಳೆಯ ಥರದ ಗ್ಯಾಡೋಲಿನಿಯಮ್‌ನಿಂದ ಕಿಡ್ನಿ ಕೆಟ್ಟವರಲ್ಲಿ ಚರ್ಮ ಗಟ್ಟಿಯಾಗುವ ಕಾಯಿಲೆ ಬಂದದ್ದುಂಟು. ಈಗಿನ ಮ್ಯಾಕ್ರೋಸೈಕ್ಲಿಕ್ ಅನ್ನುವ ಬಗೆಯಲ್ಲಿ ಆ ಅಪಾಯ ತೀರಾ ಕಡಿಮೆ. ಆ ಬಗೆಯದ್ದೇ ಕೊಡಿ ಅಂತ ಧೈರ್ಯವಾಗಿ ಕೇಳಿ.

ಈಗ ಅವರ ಭಯದ ವಿಷಯ. ಇದನ್ನು ಸಣ್ಣದು ಅನ್ನಬೇಡಿ. 45 ನಿಮಿಷದಿಂದ ಒಂದು ಗಂಟೆ ಕೊಳವೆಯೊಳಗೆ ಮಲಗಬೇಕು, ತಗಡು ಬಡಿದ ಹಾಗೆ ಸದ್ದು. ಮೊದಲೇ ಹೇಳಿದರೆ ದಾರಿಗಳಿವೆ. ಹಿಂದಿನ ದಿನ ಕರೆದುಕೊಂಡು ಬಂದು ಯಂತ್ರ ತೋರಿಸಿ. ಕೈಯಲ್ಲಿ ಒಂದು ಬೆಲ್ ಕೊಡುತ್ತಾರೆ, ಒತ್ತಿದ ಕೂಡಲೇ ಹೊರಗೆ ತೆಗೆಯುತ್ತಾರೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಒಳಗೆ ಹೋದರೆ ಕೆಲವರಿಗೆ ಸುಲಭ. ಬೇಕಾದರೆ ಒಂದು ಸಣ್ಣ ಮಾತ್ರೆ. ನಿಮ್ಮನ್ನು ತಪಾಸಣೆ ಮಾಡಿ ಒಳಗೆ ಬಿಟ್ಟರೆ ಪಕ್ಕದಲ್ಲಿ ಕೂತು ಪಾದ ಹಿಡಿದುಕೊಳ್ಳಬಹುದು. ಇಲ್ಲಿ ಮೈಕ್‌ನಲ್ಲಿ "ಸಾಂಸ್ ಲೋ, ಛೋಡೋ, ರೋಕೋ" ಅಂತ ಬರುತ್ತದೆ. ಮನೆಯಲ್ಲೇ ನಾಲ್ಕು ದಿನ ಅಭ್ಯಾಸ ಮಾಡಿಸಿ: ಉಸಿರು ತೆಗೆದುಕೊಂಡು, ಬಿಟ್ಟು, ಬಿಟ್ಟಲ್ಲೇ ಹತ್ತು ಎಣಿಸುವ ತನಕ ಹಿಡಿಯುವುದು. ಹೊರಗೆ ಬಿಟ್ಟು ಹಿಡಿಯುವುದೇ ಮುಖ್ಯ, ಆಗ ಹೃದಯ ಪ್ರತಿ ಸಲ ಒಂದೇ ಜಾಗದಲ್ಲಿ ಸಿಗುತ್ತದೆ. ನೇರವಾಗಿ ಮಲಗಿದರೆ ಉಸಿರು ಕಟ್ಟುವ ಹಾಗಿದ್ದರೆ ಟೆಸ್ಟ್ ಎರಡು ದಿನ ತಡವಾಗಲಿ, ಮೊದಲು ಶ್ವಾಸಕೋಶದ ನೀರು ಇಳಿಸಲು ಹೃದಯದ ಡಾಕ್ಟರಿಗೆ ಹೇಳಿ.

ಒಂದು ಎಚ್ಚರ. ಇವೆಲ್ಲ ನಿಧಾನವಾಗಿ ಯೋಚಿಸುವ ಹೊತ್ತಿನ ಟೆಸ್ಟ್. ನಾಳೆ ಅವರಿಗೆ ಎದೆ ಹಿಂಡಿದ ಹಾಗೆ ಆಗಿ ಬೆವರು ಬಂದರೆ, ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಎಂಆರ್‌ಐ ಡೇಟ್ ನೋಡುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಇಸಿಜಿ ಮತ್ತು ಕ್ಯಾಥ್‌ಲ್ಯಾಬ್, ಅಂದರೆ ಆಂಜಿಯೋ ಮಾಡುವ ಕೋಣೆ, ಇರುವ ಆಸ್ಪತ್ರೆಗೆ ಹೋಗಿ.

ಸೆಂಟರ್ ಆರಿಸುವಾಗ ದರ ಕೇಳುವ ಮೊದಲು ಹೃದಯದ ಎಂಆರ್‌ಐ ವಾರಕ್ಕೆ ಎಷ್ಟು ಮಾಡುತ್ತೀರಿ, ಓದುವವರು ಯಾರು ಅಂತ ಕೇಳಿ. ಬೆನ್ನು, ಮಂಡಿ, ತಲೆ ಮಾತ್ರ ಮಾಡುವ ಕಡೆ ಯಂತ್ರ ಹೊಸದಿದ್ದರೂ ಪ್ರಯೋಜನ ಇಲ್ಲ. ಔಷಧಿಯ ಖರ್ಚು ದರದಲ್ಲಿ ಸೇರಿದೆಯಾ ಅಂತಲೂ ಕೇಳಿಕೊಳ್ಳಿ. ಡಾಕ್ಟರ ಚೀಟಿಯಲ್ಲಿ ಬರೀ "ಕಾರ್ಡಿಯಾಕ್ ಎಂಆರ್‌ಐ" ಅಂತ ಇದ್ದರೆ ಸಾಲದು. ಬೈಪಾಸ್‌ಗೆ ಮೊದಲು ಜೀವಂತ ಸ್ನಾಯು, ಕಲೆಯ ಆಳ ಮತ್ತು ಹೆಪ್ಪು ನೋಡಬೇಕು ಅಂತ ಬರೆಸಿ. ಏನು ಹುಡುಕಬೇಕು ಅಂತ ಗೊತ್ತಿದ್ದರೆ ನಾವು ಚಿತ್ರವನ್ನು ಅದಕ್ಕೆ ತಕ್ಕ ಹಾಗೆ ತೆಗೆಯುತ್ತೇವೆ.

ರಿಪೋರ್ಟಿನಲ್ಲಿ ಹೃದಯವನ್ನು 17 ಭಾಗ ಮಾಡಿ ಒಂದೊಂದರ ಪಕ್ಕ ಪರ್ಸೆಂಟ್ ಬರೆದಿರುತ್ತಾರೆ. ಟ್ರಾನ್ಸ್‌ಮ್ಯೂರಲ್ ಅಂದರೆ ಗೋಡೆಯ ಪೂರ್ತಿ ದಪ್ಪಕ್ಕೆ ಅಂತ ಅರ್ಥ. ನಾಲ್ಕೈದು ಭಾಗದ ಎದುರು ಆ ಪದ ಕಂಡ ಕೂಡಲೇ ಕೈಕಾಲು ಬಿಡಬೇಡಿ. ಉಳಿದ ಹನ್ನೆರಡು ಭಾಗದ ಎದುರು ಏನಿದೆ ಅಂತಲೂ ಓದಿ. ಕಾಗದದ ಜೊತೆ ಸಿಡಿ ಕೇಳಿ ತೆಗೆದುಕೊಳ್ಳಿ. ಸರ್ಜನ್ನರ ಹತ್ತಿರ ಹೋಗುವಾಗ ಆಂಜಿಯೋದ ಸಿಡಿ, ಇದರ ಸಿಡಿ ಎರಡೂ ಒಟ್ಟಿಗೆ ಇರಲಿ. ಅಕ್ಕಪಕ್ಕ ಹಾಕಿ ನೋಡಿ ಅಂತ ನೀವೇ ಹೇಳಿ: ಯಾವ ತೋಡು ಕಟ್ಟಿದೆ, ಅದರ ಕೆಳಗಿನ ಯಾವ ಗದ್ದೆ ಇನ್ನೂ ಹಸಿರಾಗಿದೆ ಅಂತ.